ಹೆಣ್ಣು ನೋಡಲು ಬಂದ ಭಾವ

ಅಕ್ಕನ ಗಂಡ ತೀರಿಕೊಂಡು ಇಷ್ಟು ವರ್ಷವಾದರೂ ಅವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ.

ಭಾವನದು ಕೊಣನೂರಿನ ಹತ್ತಿರ ಬೇಸಾಯ. ಬಾಯಿಗೆ ಬೀಗವಿಲ್ಲದ ಮನುಷ್ಯ. ತೊಂಬತ್ತಾರರಲ್ಲಿ ನನಗೆ ಹೆಣ್ಣು ನೋಡಲು ಚನ್ನರಾಯಪಟ್ಟಣಕ್ಕೆ ಹೊರಟಾಗ, ಅಪ್ಪನಿಗೆ ಮಂಡಿನೋವೆಂದು ಹಿರಿಯರ ಸ್ಥಾನದಲ್ಲಿ ಇವರೇ ಬಂದರು. ನಾನಾಗ ಅರಕಲಗೂಡಿನ ಖಾಸಗಿ ಶಾಲೆಯೊಂದರಲ್ಲಿ ಮೇಷ್ಟ್ರು; ಕೆಲಸ ಕಾಯಂ ಆಗಿರಲಿಲ್ಲ. ಹಾಸನದಲ್ಲಿ ಬಸ್ಸು ಬದಲಿಸುವಾಗ ಕೈಮುಗಿದು ಕೇಳಿಕೊಂಡೆ.

"ಭಾವ, ಕೆಲ್ಸದ್ ವಿಚಾರ ನಾನೇ ಮಾತಾಡ್ತೀನಿ. ನೀವು ಕಾಫಿ ಕುಡ್ದು ಸುಮ್ನಿರಿ."

"ನಾನ್ಯಾಕ್ಲಾ ಮಾತಾಡ್ಲಿ? ಮದ್ವೆ ನಿಂದು," ಅಂದರು.

ಹುಡುಗಿಯ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಬಂದವು. ಹುಡುಗಿಯ ತಂದೆ, ಕೆಲಸ ಕಾಯಮ್ಮೇ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಭಾವ ಶುರುಮಾಡಿಬಿಟ್ಟರು.

"ಇನ್ನೂ ಇಲ್ಲ ಯಜಮಾನ್ರೇ. ಆಯ್ತದೆ ಅಂತವ್ರೆ, ನಂಗೇನೋ ನಂಬ್ಕೆ ಇಲ್ಲ. ಉಡ್ಗ ಒಳ್ಳೇವ್ನೆ, ಆದ್ರೆ ಮೂಗಿನ್ ತುದೀಲೇ ಕ್ವಾಪ. ಒಂದ್ ಲೋಟ ನೀರೂ ತಾನಾಗೇ ತಗೊಂಡು ಕುಡಿಯಾಕಿಲ್ಲ. ನಾಳೆ ನಿಮ್ಮಗ್ಳು ನಮ್ಮುನ್ನ ಬೈಕಬಾರ್ದು ನೋಡಿ."

ಇಷ್ಟು ಹೇಳಿ ಇನ್ನೊಂದು ಸಲ ಕೇಸರಿಬಾತು ಹಾಕಿಸಿಕೊಂಡರು!

ವಾಪಸು ಬರುವಾಗ ಬಸ್ಸಿನಲ್ಲಿ ಭಾವ, "ತಿನ್ಲಾ, ಕ್ವಾಪ ಇಳೀತದೆ," ಎಂದು ಕಡಲೆಕಾಯಿ ಕೊಟ್ಟರು. ಪೊಟ್ಟಣವನ್ನು ಅವರ ಮಡಿಲಿಗೇ ಎಸೆದೆ.

ವಾರದೊಳಗೆ ಹುಡುಗಿಯ ಕಡೆಯವರು ಒಪ್ಪಿಗೆ ಹೇಳಿ ಕಳಿಸಿದರು. ಹುಡುಗನ ಕೋಪವನ್ನು ತಾವಾಗಿಯೇ ಹೇಳುವವರು ಬೇರೇನನ್ನು ಮುಚ್ಚಿಟ್ಟಾರು ಎಂದು ಮಾವನವರು ಅಂದರಂತೆ. ಆಮೇಲೆ ಭಾವನನ್ನು ಹಿಡಿಯುವವರಿಲ್ಲ. ನಾಮಕರಣವಿರಲಿ, ಗೃಹಪ್ರವೇಶವಿರಲಿ, ಊಟದ ಪಂಕ್ತಿಯಲ್ಲಿ ಕೂತು ಆ ಕಥೆಯನ್ನು ಮೊದಲಿಂದ ಹೇಳುವರು. ನಾನು ಎದ್ದು ಹೋಗುತ್ತಿದ್ದೆ. ನನ್ನ ಹೆಂಡತಿ ಕೂತು ನಗುತ್ತಿದ್ದಳು.

ಎರಡು ಸಾವಿರದ ನಾಲ್ಕರ ಮಳೆಗಾಲದಲ್ಲಿ ಅವರಿಗೆ ಎದೆ ಹಿಡಿದುಕೊಂಡಂತಾಯಿತು. ಹಾಸನಕ್ಕೆ ಹೋಗೋಣ ಬನ್ನಿ ಎಂದು ನಾನೇ ಹೋಗಿ ಕರೆದೆ.

"ಹಲಸಿನಣ್ಣು ತಿಂದಿದ್ದು ಜಾಸ್ತಿ ಆಯ್ತು, ಗ್ಯಾಸು ಕಣ್ಲಾ. ನಾಟಿ ಮುಗೀಲಿ, ಬತ್ತೀನಿ."

ನಾಟಿ ಮುಗಿಯಲಿಲ್ಲ. ಮೂರನೆಯ ದಿನ ಗದ್ದೆಯ ಬದುವಿನ ಮೇಲೆ ಕುಸಿದು ಹೋಗಿಬಿಟ್ಟರು.

ಹನ್ನೊಂದನೆಯ ದಿನ ಅವರ ಅಂಗಿಯ ಜೇಬಿನಲ್ಲಿ ಹೊಳೆನರಸೀಪುರದ ಡಾಕ್ಟರೊಬ್ಬರ ಚೀಟಿ ಸಿಕ್ಕಿತು. ತಡಮಾಡದೆ ಹಾಸನಕ್ಕೆ ಹೋಗಿ ಹೃದಯ ತೋರಿಸಿ ಎಂದು ಬರೆದು ಎರಡು ತಿಂಗಳಾಗಿತ್ತು. ಊರವರ ಗುಟ್ಟನ್ನೆಲ್ಲ ಬೀದಿಗೆ ಹಾಕಿದ ಮನುಷ್ಯ ಇದೊಂದನ್ನು ಯಾರಿಗೂ ಹೇಳಿರಲಿಲ್ಲ. ನೆಂಟರೆದುರಿಗೇ ಅವರ ಫೋಟೋ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. ಯಾರೋ ನನ್ನ ತೋಳು ಹಿಡಿದು ಎಳೆದರು.

"ಬುಡಿ, ಬೈಲಿ," ಅಂದಳು ಅಕ್ಕ. "ನಂಗೆ ಬೈಯಾಕೆ ಬಾಯೇ ಬತ್ತಿಲ್ಲ."