ಕಟ್ಟಿಸಿದ ಹಲ್ಲಿಗೂ ಹಸಿರು ಗುರುತು

ಹೋದ ವರ್ಷ ಭತ್ತದ ಕಟಾವಿನ ಸಮಯ. ನಾವಿರುವುದು ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ. ನನ್ನ ಯಜಮಾನರಿಗೆ ಕೆಳದವಡೆಯ ಹಲ್ಲುನೋವು ಶುರುವಾಗಿತ್ತು. ಹಸು ಒಂದು ಹೊತ್ತು ಮೇವು ಬಿಟ್ಟರೆ ಡಾಕ್ಟರಿಗೆ ಫೋನ್ ಮಾಡುವ ಮನುಷ್ಯ, ತಮ್ಮ ಹಲ್ಲಿಗೆ ಮಾತ್ರ ಲವಂಗ ಒತ್ತಿಕೊಂಡು ಓಡಾಡುತ್ತಿದ್ದರು. ಯಾರೋ ಹೇಳಿದರೆಂದು ಮೊಬೈಲಿಗೆ ಹಲ್ಲಿನ ಆಪ್ ಒಂದನ್ನು ಹಾಕಿಕೊಂಡರು. ಫೋಟೊ ತೆಗೆದರೆ ಹಲ್ಲು ಹೇಗಿದೆಯೆಂದು ಅದೇ ಹೇಳುತ್ತದಂತೆ. ಇವರು ಹಲ್ಲು ಕಿರಿದು ಫೋಟೊ ತೆಗೆದರು, ಹಸಿರು ಗುರುತು ಬಂತು: ‘ನಿಮ್ಮ ಹಲ್ಲು ಆರೋಗ್ಯವಾಗಿದೆ.’

ಅಷ್ಟೇ ಸಾಕಾಯಿತು. ಡಾಕ್ಟರ ಹತ್ತಿರ ಹೋಗೋಣ ಎಂದಾಗಲೆಲ್ಲ ಮೊಬೈಲನ್ನು ನನ್ನ ಮುಖಕ್ಕೆ ಹಿಡಿಯುತ್ತಿದ್ದರು. “ನೋಡೇ, ಚೆಂದಾಗದೆ ಅಂತ ಬಂದದೆ. ಮುದ್ದೆ ನುಂಗಕ್ಕೆ ಅಲ್ಲು ಬೇಕೇನೇ, ಬುಡತ್ಲಾಗೆ!”

ಅದೂ ನಿಜವೇ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುವುದು. ಊಟ ಸೇರುತ್ತಿದ್ದರಿಂದ ನೋವು ಎಷ್ಟಿದೆಯೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನನಗೋ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಒಂದು ಮಧ್ಯಾಹ್ನ ಮುದ್ದೆ ಬಾಯಿಗಿಟ್ಟವರು ಗಂಟಲಿಗೆ ಇಳಿಸಲಾಗದೆ ತಟ್ಟೆ ತಳ್ಳಿಬಿಟ್ಟರು. ನೋಡಿದರೆ ದವಡೆ ಊದಿ, ಊತ ಕುತ್ತಿಗೆಗೂ ಇಳಿದಿತ್ತು. “ಏಳಿ, ಈಗ್ಲೇ ಓಗಾವ” ಎಂದೆ. ಅವರು ಮತ್ತೆ ಮೊಬೈಲಿಗೇ ಕೈ ಹಾಕಿದರು.

ಪಕ್ಕದಲ್ಲಿ ಉಣ್ಣುತ್ತಿದ್ದ ನಮ್ಮ ಮಾವನಿಗೆ ರೇಗಿತು. ಬಾಯಿಂದ ಕಟ್ಟಿಸಿದ ಹಲ್ಲಿನ ಸೆಟ್ ತೆಗೆದು ತೊಳೆದು ಮಗನ ಮುಂದಿಟ್ಟರು. “ತಗಿಲಾ, ಇದ್ರುದ್ದೂ ಒಂದು ಫೋಟೊ!”

ಯಜಮಾನರು ಮುಖ ಗಂಟಿಕ್ಕಿಕೊಂಡೇ ತೆಗೆದರು. ಅದಕ್ಕೂ ಹಸಿರು ಗುರುತೇ ಬಂತು!

“ನೋಡ್ಲಾ, ಬಾಯಲ್ಲಿ ಒಂದು ಅಲ್ಲೂ ಇಲ್ಲ, ನಾನೂ ಪಾಸು! ಇದ್ನ ನಂಬ್ಕಂಡು ಸಾಯ್ತೀಯೇನ್ಲಾ? ಏಳ್ಲಾ ಮ್ಯಾಕೆ!” ಮಾವ ಬೊಚ್ಚು ಬಾಯಲ್ಲೇ ಗದರಿದರು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಯಜಮಾನರು ಎದ್ದು ಅಂಗಿ ಹಾಕಿಕೊಂಡರು.

ಕೆ.ಆರ್. ಪೇಟೆಯ ಹಲ್ಲಿನ ಡಾಕ್ಟರಮ್ಮ ಕುತ್ತಿಗೆ ಮುಟ್ಟಿ ನೋಡಿದವರೇ, “ಕೀವು ಗಂಟಲ ಕಡೆ ಇಳೀತಿದೆ, ಉಸಿರು ಕಟ್ಟಬಹುದು. ಇಲ್ಲಿ ಆಗಲ್ಲ, ತಕ್ಷಣ ಮೈಸೂರಿಗೆ ಹೊರಡಿ” ಎಂದರು. ಬಾಡಿಗೆ ಕಾರು ಹತ್ತಿದೆವು. ಪಾಂಡವಪುರ ಬಂತು, ಶ್ರೀರಂಗಪಟ್ಟಣ ಬಂತು, ದಾರಿ ಮಾತ್ರ ಮುಗಿಯಲೊಲ್ಲದು. ಕಬ್ಬಿನ ಟ್ರಾಕ್ಟರು ಅಡ್ಡ ಬಂದಾಗಲೆಲ್ಲ ಮನಸ್ಸಿನಲ್ಲೇ ಶಾಪ ಹಾಕಿದೆ. ಅವರ ಉಸಿರು ಗೊರಗೊರ ಎಂದರೆ ಹೆದರಿಕೆ, ಸದ್ದು ನಿಂತರೆ ಇನ್ನೂ ಹೆದರಿಕೆ.

ಆಸ್ಪತ್ರೆಯಲ್ಲಿ ಕೀವು ತೆಗೆದರು, ಕೊಳೆತ ಹಲ್ಲು ಕಿತ್ತರು. ದೇವರು ದೊಡ್ಡವನು, ಜೀವ ಉಳಿಯಿತು. ಅವರಿಗೆ ಸರಿಯಾಗಿ ಮಾತು ಬಂದ ದಿನ, ಚೆನ್ನಾಗಿ ಬೈಯಬೇಕೆಂದೇ ಕೇಳಿದೆ: “ಆ ಮೊಬೈಲು ಏಳಿದ್ದ ನಿಜ್ವಾಗ್ಲೂ ನಂಬಿದ್ರಾ?”

ಅವರು ಕಣ್ಣು ತಪ್ಪಿಸಿದರು. “ಇಲ್ಲ ಕಣೇ. ಎದ್ರಿಕೆ ಆಗಿತ್ತು. ‘ನಿಂಗೇನೂ ಆಗಿಲ್ಲ’ ಅಂತ ಏಳ್ತಿದ್ದುದ್ದು ಅದೊಂದೇಯ.”

ಬೈಯುವುದನ್ನು ಬಿಟ್ಟು ಅವರ ಪಕ್ಕದಲ್ಲಿ ಕೂತೆ.

ಹಲ್ಲುಜ್ಜುವುದನ್ನು ನೆನಪಿಸಲು ಅಂಥ ಆಪ್ ಇರಲಿ, ಬೇಡವೆನ್ನುವುದಿಲ್ಲ. ಆದರೆ ಮನೆಯಲ್ಲಿ ಯಾರಾದರೂ ‘ನಂಗೇನಾಗಿಲ್ಲ’ ಎಂದರೆ ನನಗೆ ಇಂದಿಗೂ ಸಮಾಧಾನವಿಲ್ಲ. ಎಲ್ಲಿ ನೋವು ಎಂದು ಕೇಳುವ ಮೊದಲು, ಪಕ್ಕದಲ್ಲಿ ಕೂತು, ಹೆದರಿಕೆ ಆಗುತ್ತಿದೆಯಾ ಎಂದು ಕೇಳುತ್ತೇನೆ.