ಕಡಗೋಲಿನ ಕ್ಯಾಪುಚಿನೊ

ಮೀಸೆಯಿರುವವರು ಕ್ಯಾಪುಚಿನೊ ಕುಡಿಯುವ ಮುನ್ನ ಕರವಸ್ತ್ರವೊಂದನ್ನು ಕೈಗೆಟಕುವಂತೆ ಇಟ್ಟುಕೊಳ್ಳುವುದು ಒಳ್ಳೆಯದು. ತುಮಕೂರಿನ ಅಂಗಡಿಯೊಂದರಲ್ಲಿ ಮೊದಲ ಬಾರಿ ಅದನ್ನು ಕುಡಿದಾಗ ಈ ಮಾತನ್ನು ನನಗೆ ಯಾರೂ ಹೇಳಲಿಲ್ಲ. ಪಕ್ಕದಲ್ಲಿ ನನ್ನ ಹೆಂಡತಿ ಗಿರಿಜೆ ಇದ್ದಳು. ಎದುರಿಗೆ ಬೀಗರು, ಎಂದರೆ ನನ್ನ ಮಗಳ ಮಾವ, ಕುಣಿಗಲ್ಲಿನ ನಿವೃತ್ತ ಮೇಷ್ಟರು ರುದ್ರಪ್ಪನವರು. ಅವರು ನನ್ನ ಮೂಗಿನ ಕೆಳಗಿನ ನೊರೆಯನ್ನು ಬಹಳ ಹೊತ್ತು ಸಂತೋಷದಿಂದ ನೋಡಿ, ನಾನು ಕಪ್ಪನ್ನು ಕೆಳಗಿಟ್ಟ ಮೇಲೆಯೇ ಕೇಳಿದರು: “ಬೀಗ್ರೇ, ಶೇವಿಂಗ್ ಮುಗೀತಾ?”

ಕುಡಿಯುವ ಮುನ್ನ ಆ ನೊರೆಯ ಮೇಲೊಂದು ಹೃದಯದ ಚಿತ್ರವಿತ್ತು. ನನ್ನ ಹೃದಯದ ಚಿತ್ರವನ್ನು ಅದುವರೆಗೆ ಡಾಕ್ಟರು ಮಾತ್ರ ತೆಗೆಸಿದ್ದರು. ಅದು ಇಷ್ಟು ಅಂದವಾಗಿ ಬಂದಿರಲಿಲ್ಲ.

ಅಂಗಡಿಯ ಗೋಡೆಯ ಮೇಲೆ ಈ ಪಾನೀಯದ ಚರಿತ್ರೆಯನ್ನು ಬರೆದು ತೂಗುಹಾಕಿದ್ದರು. ಗೋಡೆಯ ಮೇಲೆ ಬರೆದದ್ದನ್ನು ನಂಬುವ ಸ್ವಭಾವ ನನ್ನದಲ್ಲ. ನಾನು ಶಾಲೆ ಬಿಟ್ಟದ್ದು ಏಳನೆಯ ತರಗತಿಯಲ್ಲಿ. ಆಮೇಲಿನ ವಿದ್ಯೆಯೆಲ್ಲ, ಗುಬ್ಬಿಯ ನನ್ನ ಸೈಕಲ್ ಅಂಗಡಿಗೆ ಬಿಡಿಭಾಗಗಳನ್ನು ಸುತ್ತಿಕೊಂಡು ಬರುತ್ತಿದ್ದ ಹಳೆಯ ಪತ್ರಿಕೆಗಳಿಂದ ದಕ್ಕಿದ್ದು. ಆ ಪತ್ರಿಕೆಗಳಲ್ಲಿ ಪ್ರತಿಯೊಂದು ಸುದ್ದಿಯೂ ಅರ್ಧಕ್ಕೆ ಹರಿದಿರುತ್ತಿತ್ತು. ಹೀಗಾಗಿ ಯಾವ ಕಥೆಯನ್ನು ಓದಿದರೂ ಇದರ ಉಳಿದರ್ಧ ಎಲ್ಲಿ ಎಂದು ಕೇಳುವುದು ನನಗೆ ರೂಢಿಯಾಗಿಬಿಟ್ಟಿದೆ.

ಗೋಡೆಯ ಕಥೆ ಹೀಗಿತ್ತು. ಮೂರು ಶತಮಾನಗಳಿಗೂ ಹಿಂದೆ ವಿಯೆನ್ನಾ ನಗರವನ್ನು ಮುತ್ತಿದ್ದ ತುರ್ಕರ ಸೈನ್ಯ ಸೋತು ಓಡುವಾಗ ಕಾಫಿಯ ಮೂಟೆಗಳನ್ನು ಬಿಟ್ಟುಹೋಯಿತು, ಕಪುಚಿನ್ ಪಂಗಡದ ಸನ್ಯಾಸಿಯೊಬ್ಬರು ಅದರ ಕಹಿಯನ್ನು ತಾಳಲಾರದೆ ಹಾಲು, ಜೇನು ಬೆರೆಸಿದರು, ಕ್ಯಾಪುಚಿನೊ ಹುಟ್ಟಿತು. ಮೂಟೆ ಬಿಟ್ಟು ಓಡಿದರೆಂಬುದನ್ನು ಒಪ್ಪೋಣ. ಆದರೆ ವಾರಗಟ್ಟಲೆ ಮುತ್ತಿಗೆಯಲ್ಲಿ ಹಸಿದಿದ್ದ ಊರಿನಲ್ಲಿ ಹಾಲು ಕರೆಯುವ ಹಸುವನ್ನು ಉಳಿಸಿಟ್ಟಿದ್ದವರು ಯಾರು? ಚಿಕ್ಕಮಗಳೂರಿನ ಬೆಟ್ಟಕ್ಕೆ ಸಂತರೊಬ್ಬರು ಏಳು ಕಾಫಿ ಬೀಜ ತಂದರೆಂಬ ನಮ್ಮ ಕಥೆಯನ್ನೂ ನಾನು ಇದೇ ತಕ್ಕಡಿಯಲ್ಲಿ ತೂಗಿದ್ದೇನೆ: ಸಂತರನ್ನು ನಂಬುತ್ತೇನೆ, ಏಳನ್ನು ನಂಬುವುದಿಲ್ಲ.

ಬಣ್ಣದ ಮಾತೊಂದನ್ನು ಒಪ್ಪಬಹುದು. ಆ ಸನ್ಯಾಸಿಗಳ ನಿಲುವಂಗಿ ಕಂದು ಬಣ್ಣದ್ದಂತೆ. ಹಾಲು ಬೆರೆತ ಕಾಫಿಯದೂ ಅದೇ ಬಣ್ಣವಾದ್ದರಿಂದ ಅವರ ಹೆಸರೇ ಅದಕ್ಕೂ ಬಂತಂತೆ. ಕ್ಯಾತ್ಸಂದ್ರದ ಮಠದ ಕಡೆ ಬೆಳಗಾದರೆ ಕಾವಿ ಬಟ್ಟೆಯನ್ನು ಕಾಣುವ ನಮಗೆ ಇದು ತಿಳಿಯದ ಸಂಗತಿಯಲ್ಲ. ಅಲ್ಲದೆ ನಮ್ಮ ಕಡೆ ಕಾಫಿಯನ್ನು ‘ಕಾಪಿ’ ಎನ್ನುತ್ತೇವೆ. ಕಾಪಿಗೂ ಕಾವಿಗೂ ನಡುವೆ ಒಂದೇ ಅಕ್ಷರದ ಅಂತರ. ಈ ಶೋಧವನ್ನು ಅಲ್ಲಿಯೇ ಪ್ರಕಟಿಸಿದೆ.

“ಇವ್ರನ್ನ ಹಿಂಗೇ ಬುಟ್ರೆ ವಿಯೆನ್ನಾನ ಗುಬ್ಬಿ ತಾಲ್ಲೂಕಿಗೆ ಸೇರಿಸ್ತಾರೆ” ಎಂದರು ಮೇಷ್ಟರು.

ಗೋಡೆಯ ಚರಿತ್ರೆ ಇಟಲಿಯಲ್ಲಿ ಮುಗಿಯುತ್ತಿತ್ತು. ಅಲ್ಲಿನವರು ಕಳೆದ ಶತಮಾನದಲ್ಲಿ ಯಂತ್ರದಿಂದ ಹಾಲಿಗೆ ಹಬೆಯೂದಿ ನೊರೆಯೆಬ್ಬಿಸಿದರಂತೆ. ಯಂತ್ರವಿಲ್ಲದೆ ಈ ನೊರೆ ಸಾಧ್ಯವಿಲ್ಲವಂತೆ. ಇದನ್ನು ಓದಿ ಸುಮ್ಮನಿರಲಾಗಲಿಲ್ಲ. “ನೊರೆಹಾಲು ಎಂಬ ನಮ್ಮ ಮಾತು ಈ ಯಂತ್ರದ ಮುತ್ತಜ್ಜನಿಗಿಂತ ಹಳೆಯದು. ನಮ್ಮ ಮನೆಯ ಕಡಗೋಲೊಂದು ಸಾಕು” ಎಂದೆ.

“ಹಂಗಾದ್ರೆ ಭಾನ್ವಾರ ಗುಬ್ಬಿಗೆ ಬರ್ತೀನಿ, ಮಾಡಿ ತೋರ್ಸಿ. ಆಗ್ಲಿಲ್ಲ ಅಂದ್ರೆ ‘ತಪ್ಪಾಯ್ತು’ ಅಂತ ಒಂದ್ಸಲ ಬಾಯ್ಬಿಟ್ಟು ಹೇಳ್ಬೇಕು.”

ಗಿರಿಜೆ ಕಪ್ಪನ್ನು ಕೆಳಗಿಟ್ಟಳು. “ನಲವತ್ತೆರಡು ವರ್ಷದಿಂದ ನಾನೇ ಕೇಳಿಲ್ಲ ಬೀಗ್ರೇ, ಆ ಮಾತ್ನ.”

ಹೀಗೆ, ಒಂದು ಕಪ್ ಕಾಫಿಯಲ್ಲಿ ನನ್ನ ನಲವತ್ತೆರಡು ವರ್ಷದ ಮರ್ಯಾದೆ ತೇಲತೊಡಗಿತು.

ಕ್ಯಾಪುಚಿನೊ ಮಾಡುವ ವಿಧಾನವನ್ನು ನಾನು ಶ್ರದ್ಧೆಯಿಂದ ಓದಿಕೊಂಡೆ. ಗಟ್ಟಿ ಡಿಕಾಕ್ಷನ್ ಒಂದು ಪಾಲು, ಬಿಸಿ ಹಾಲು ಒಂದು ಪಾಲು, ನೊರೆ ಒಂದು ಪಾಲು. ಹಾಲು ಕುದಿಯಬಾರದು, ಪಾತ್ರೆಯನ್ನು ಮುಟ್ಟಿದ ಕೈ ತಾನಾಗಿ ಹಿಂದಕ್ಕೆ ಬಂದರೆ ಅಷ್ಟು ಬಿಸಿ ಸಾಕು. ಮೊದಲು ಡಿಕಾಕ್ಷನ್, ಅದರ ಮೇಲೆ ಹಾಲು, ಕೊನೆಗೆ ನೊರೆಯನ್ನು ಸೌಟಿನಿಂದ ಮೆಲ್ಲಗೆ ಇಳಿಬಿಡಬೇಕು.

ಭಾನುವಾರ ರುದ್ರಪ್ಪನವರು ಅಡುಗೆಮನೆಯ ಬಾಗಿಲಿಗೇ ಕುರ್ಚಿ ಹಾಕಿಸಿಕೊಂಡು, ಪರೀಕ್ಷೆಯ ಕೊಠಡಿಯ ಮೇಲ್ವಿಚಾರಕರಂತೆ ಕುಳಿತರು. ನಾನು ಮೂಲೆಯ ಗಡಿಗೆಯಲ್ಲಿ ನಿಂತಿದ್ದ ಕಡಗೋಲನ್ನು ಎತ್ತಿ, ಎರಡು ಬಾರಿ ಕೊಡವಿ, ಬೆಚ್ಚಗಿನ ಹಾಲಿಗಿಳಿಸಿ ಅಂಗೈಗಳ ನಡುವೆ ತಿರುವಿದೆ. ನೊರೆ ಎದ್ದಿತು! ಬೆರಳುದ್ದ ಎದ್ದಿತು! ಮೇಷ್ಟರ ಮುಖ ಚಿಕ್ಕದಾಯಿತು. ಬಿಸಿ ತುಸು ಸಾಲದೆಂದು ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟೆ. ಆ ಗಳಿಗೆಯಲ್ಲಿ ನಾನು ಇಟಲಿಗಿಂತ ಮುಂದಿದ್ದೆ.

ಮರುಗಳಿಗೆಯಲ್ಲಿ ನೊರೆ ಕುಸಿದು, ಕೆಳಗೆ ಹಾಲು ತೆಳ್ಳನೆಯ ನೀರಾಗಿಯೂ ಬಿಳಿಯ ಹರಳಾಗಿಯೂ ಬೇರೆಯಾಯಿತು. ಗಿರಿಜೆ ಇಣುಕಿದಳು.

“ರೀ, ಬೆಳಗ್ಗೆ ತಾನೇ ಅದ್ರಲ್ಲಿ ಮಜ್ಜಿಗೆ ಕಡ್ದಿದೀನಿ. ತೊಳ್ಕೊಂಡ್ರೋ ಇಲ್ವೋ?”

ವಿಯೆನ್ನಾದ ಹಸುವನ್ನು ಸಂಶಯಿಸಿದವನು ಮನೆಯ ಕಡಗೋಲನ್ನು ಮೂಸಿಯೂ ನೋಡಿರಲಿಲ್ಲ. ರುದ್ರಪ್ಪನವರು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡರು. ಮೇಷ್ಟರಾಗಿದ್ದವರು, ಉತ್ತರಕ್ಕಾಗಿ ಕಾಯುವುದನ್ನು ಬಲ್ಲರು.

“ತಪ್ಪಾಯ್ತು” ಎಂದೆ.

ಗಿರಿಜೆ ಸೆರಗಿನಿಂದ ಕೈಯೊರೆಸಿಕೊಳ್ಳುತ್ತ, “ಇನ್ನೊಂದ್ಸಲ ಹೇಳಿ. ಕುಕ್ಕರ್ ಕೂಗ್ತಿತ್ತು, ಕೇಳಿಸ್ಲಿಲ್ಲ” ಎಂದಳು.

ಕುಕ್ಕರ್ ಒಲೆಯ ಮೇಲೆಯೇ ಇರಲಿಲ್ಲ. ಆದರೂ ಇನ್ನೊಮ್ಮೆ ಹೇಳಿದೆ. ಮನೆಯೆಲ್ಲ ನಕ್ಕಿತು, ಎಲ್ಲರಿಗಿಂತ ತಡವಾಗಿ, ಆದರೆ ಎಲ್ಲರಿಗಿಂತ ಗಟ್ಟಿಯಾಗಿ ನಾನೂ ನಕ್ಕೆ. ಒಡೆದ ಹಾಲಿಗೆ ಬೆಲ್ಲ, ಏಲಕ್ಕಿ ಬಿತ್ತು. ಮೇಷ್ಟರು ಎರಡು ಬಾರಿ ಹಾಕಿಸಿಕೊಂಡು ತಿಂದರು. ಗಿರಿಜೆ ಬೇರೆ ಹಾಲು ಕಾಯಿಸಿ, ಎರಡು ಚೊಂಬುಗಳ ನಡುವೆ ಮೊಳದೆತ್ತರದಿಂದ ನಾಲ್ಕು ಸಲ ಎತ್ತಿ ಹೊಯ್ದು, ಡಿಕಾಕ್ಷನ್ನಿನ ಮೇಲೆ ನೊರೆಯ ಗೋಪುರವನ್ನೇ ನಿಲ್ಲಿಸಿದಳು. ಈ ಬಾರಿ ನೊರೆ ಹತ್ತಿದ್ದು ರುದ್ರಪ್ಪನವರ ಮೀಸೆಗೆ.

ಆಗ ನನಗೆ ಹೊಳೆಯಿತು: ಯಂತ್ರವಿಲ್ಲದೆ ನೊರೆ ಬಂದಿದೆಯಲ್ಲ! ಹಾಗಾದರೆ ನಾನು ಹೇಳಿದ್ದೇ ಸರಿ. ‘ತಪ್ಪಾಯ್ತು’ ಎಂಬುದನ್ನು ನ್ಯಾಯವಾಗಿ ಹಿಂದಕ್ಕೆ ಪಡೆಯಬೇಕು. ಬಾಯಿ ತೆರೆದೆ. ಗಿರಿಜೆ ತನ್ನ ಲೋಟ ಹಿಡಿದು ಬಾಗಿಲಿಗೊರಗಿ, ನಲವತ್ತೆರಡು ವರ್ಷ ಕಾದು ಪಡೆದದ್ದನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು.

ತೆರೆದ ಬಾಯಿಗೆ ಕಾಫಿಯನ್ನೇ ಹಾಕಿಕೊಂಡೆ. ಊರವರ ಕಥೆಗಳ ಉಳಿದರ್ಧವನ್ನು ಆಯುಷ್ಯವೆಲ್ಲ ಹುಡುಕಿದವನು, ಆ ದಿನ ನನ್ನ ಕಥೆಯ ಉಳಿದರ್ಧವನ್ನು ನಾನೇ ಹರಿದು ಹಾಕಿದೆ.