ಬಾಣಂತಿಗೆ ನೀರು ಕೊಡುವ ಪುಸ್ತಕ

ನಾನು ಶಾಲೆಗೆ ಹೋದದ್ದು ಎರಡನೆಯ ಕ್ಲಾಸಿನವರೆಗೆ. ಅವ್ವ ತೀರಿಕೊಂಡ ಮೇಲೆ ಗದ್ದೆ, ದನ ನನ್ನ ಪಾಲಿಗೆ ಬಂದವು, ಓದು ತಂಗಿಯ ಪಾಲಿಗೆ ಹೋಯಿತು. ಅಕ್ಷರ ಕೂಡಿಸಿ ಓದುತ್ತಿದ್ದೆ, ಆದರೆ ನಾನು ಒಂದು ಪುಟ ಮುಗಿಸುವುದರೊಳಗೆ ಅನ್ನ ಬೆಂದುಹೋಗುತ್ತಿತ್ತು. ಅದು ಮನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ನೋಡಿಕೊಂಡಿದ್ದೆ. ಈಗ ಇಷ್ಟು ಬರೆಯುತ್ತಿರುವುದು ಆಮೇಲೆ ಕಲಿತ ವಿದ್ಯೆ.

ತಂಗಿಯ ಗಂಡ ಮಾದಾಪುರದ ಕಡೆ ಇಂಗ್ಲಿಷ್ ದೊರೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಚೊಚ್ಚಲ ಹೆರಿಗೆಗೆ ಅವಳು ಗಾಳಿಬೀಡಿಗೆ, ನಮ್ಮ ಮನೆಗೆ ಬಂದಳು. ಹೆರುವುದಕ್ಕೆ ಅವಳಿಗೆ ಹೆದರಿಕೆಯಿರಲಿಲ್ಲ, ಬಾಯಾರಿಕೆಗೆ ಇತ್ತು. ಬಾಣಂತಿಗೆ ನೀರು ಕೊಟ್ಟರೆ ಹಸಿ ಹೊಟ್ಟೆ ಬಾತುಕೊಳ್ಳುತ್ತದೆ ಎನ್ನುವುದು ಅಜ್ಜಿಯ ಕಟ್ಟಳೆ. ದಿನಕ್ಕೆ ಎರಡು ಗುಟುಕು ಕಷಾಯ, ಅಷ್ಟೇ.

"ಪುಸ್ತಕದಲ್ಲಿ ಬೇರೆ ಇದ್ದರೆ?" ಎಂದಳು ತಂಗಿ.

"ಇದ್ದರೆ ಹಾಗೇ ಆಗಲಿ. ನನ್ನ ಆರು ಹೆರಿಗೆಗೆ ಯಾವ ಪುಸ್ತಕವೂ ಬರಲಿಲ್ಲ, ನಿನ್ನದಕ್ಕಾದರೂ ಬರಲಿ," ಎಂದಳು ಅಜ್ಜಿ.

ತಂಗಿ ನನ್ನನ್ನು ಕರೆದಳು. "ಅಣ್ಣ, ಮಡಿಕೇರಿ ಸಂತೆಯಲ್ಲಿ ಬಸುರಿ ಬಾಣಂತಿಯರ ಪುಸ್ತಕ ಎರಡಿವೆಯಂತೆ. ಎರಡನ್ನೂ ಓದಿ ನೋಡು. ನೀರು ಕೊಡಿ ಅಂತ ಯಾವುದು ಹೇಳುತ್ತದೋ ಅದನ್ನು ತಾ."

ಸಂತೆಯಲ್ಲಿ ಗೋಣಿತಾಟಿನ ಮೇಲೆ ಎರಡೂ ಇದ್ದವು, ಒಂದು ತೆಳ್ಳಗೆ, ಒಂದು ದಪ್ಪ. ನನಗೆ ಹೆಣ್ಣು ನೋಡಿದ್ದ ಮನೆಯವರು ಪಕ್ಕದಲ್ಲೇ ಒಣಮೀನು ಆರಿಸುತ್ತಿದ್ದರು. ಅವರೆದುರು ಬಸುರಿಯರ ಪುಸ್ತಕ ಹಿಡಿದು ಅಕ್ಷರ ಕೂಡಿಸುತ್ತ ನಿಲ್ಲುವುದೆಂದರೆ! ಮೇಲೆ ದುಂಡು ಮಗುವಿನ ಚಿತ್ರವಿದ್ದ ತೆಳ್ಳಗಿನದನ್ನು ಕಂಬಳಿಯೊಳಗೆ ತುರುಕಿಕೊಂಡು ಬಂದೆ.

ಮಧ್ಯಾಹ್ನ ಅಜ್ಜಿ ಅಕ್ಕಿ ಆರಿಸುತ್ತಿರುವಾಗ ತಂಗಿ ಗಟ್ಟಿಯಾಗಿ ಓದಿದಳು. ನೀರಿನ ಪುಟ ಬಂತು. ಹತ್ತು ದಿನ ಬಾಣಂತಿಯ ಬಾಯಿಗೆ ನೀರು ಮುಟ್ಟಿಸಬಾರದು ಎಂದಿತ್ತು. ಅಜ್ಜಿ ಮೊರ ಕೆಳಗಿಟ್ಟು ನಕ್ಕಳು. "ಪಾಪ, ಒಳ್ಳೆಯವನು ಬರೆದಿದ್ದಾನೆ. ಅವನಿಗೂ ನನ್ನಂಥ ಅಜ್ಜಿ ಇರಬೇಕು!"

ತಂಗಿ ನನ್ನ ಮುಖ ನೋಡಿದಳು. "ಇನ್ನೊಂದರಲ್ಲಿ, ಅಣ್ಣ?"

"ಅದರಲ್ಲೂ ಹಾಗೇ ಇದೆ," ಎಂದೆ.

ಹೆಣ್ಣು ಮಗು ಹುಟ್ಟಿತು, ಮನೆಯೆಲ್ಲ ಸಂಭ್ರಮ. ನಾಲ್ಕನೆಯ ದಿನ ಬಾಗಿಲಲ್ಲಿ ನಿಂತು ಇಣುಕಿದೆ. ತಂಗಿಯ ತುಟಿ ಒಡೆದಿತ್ತು. ಮಗುವಿಗೆ ಸ್ನಾನ ಮಾಡಿಸುವ ಹಂಡೆಯನ್ನೇ ನೋಡುತ್ತಿದ್ದಳು. "ಮಗಳಿಗೆ ಮೀಯಲು ಹಂಡೆ ನೀರು, ನನಗೆ ಕುಡಿಯಲು ಒಂದು ತೊಟ್ಟೂ ಇಲ್ಲ ನೋಡು," ಎಂದು ನಗಲು ಹೋದಳು, ತುಟಿಯಲ್ಲಿ ರಕ್ತ ಬಂತು.

"ಇನ್ನೊಂದರಲ್ಲಿ ಒಂದು ಪುಟ ಕಣ್ಣು ತಪ್ಪಿತೋ ಏನೋ, ನೋಡಿ ಬರುತ್ತೇನೆ," ಎಂದು ಮಡಿಕೇರಿಗೆ ಓಡಿದೆ. ಸಂತೆಯ ದಿನವಲ್ಲ, ಪುಸ್ತಕದವನ ಮನೆ ಹುಡುಕಿ, ಅವನ ಜಗಲಿಯಲ್ಲೇ ಕೂತು ದಪ್ಪ ಪುಸ್ತಕವನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದೆ. "ಹೆರಿಗೆ ನಿಮಗೋ?" ಎಂದು ಅವನು ನಕ್ಕ. ನಗಲಿ ಎಂದುಕೊಂಡೆ. ಕುದಿಸಿ ಆರಿಸಿದ ನೀರನ್ನು ಬೇಕಾದಷ್ಟು ಕೊಡಿ ಎನ್ನುವ ಸಾಲು ಕಡೆಗೂ ಸಿಕ್ಕಿತು. ಪುಸ್ತಕ ಕೊಂಡು ಮನೆಗೆ ಓಡಿದೆ.

ಅಜ್ಜಿ ಇಕ್ಕಟ್ಟಿಗೆ ಬಿದ್ದಳು. ಎರಡು ಪುಸ್ತಕ, ಎರಡು ಮಾತು. ಎರಡನ್ನೂ ಎರಡು ಕೈಯಲ್ಲಿ ಹಿಡಿದು ತೂಗಿ ನೋಡಿದಳು. "ದಪ್ಪದ್ದೇ ಹೆಚ್ಚು ತೂಕ. ಇದನ್ನು ಬರೆದವನೇ ಹೆಚ್ಚು ಓದಿದವನು. ನೀರು ಕಾಯಿಸಿ."

ತಂಗಿ ಒಂದು ಚೊಂಬು ಕುಡಿದು, ಉಸಿರು ಬಿಟ್ಟು, ಇನ್ನೊಂದು ಕೇಳಿದಳು. "ಒಂದು ಪುಟ ತಾನೆ ಅಣ್ಣ, ಯಾರಿಗಾದರೂ ತಪ್ಪುತ್ತದೆ," ಎಂದಳು.

ಎಷ್ಟೋ ವರ್ಷಗಳ ಮೇಲೆ ಆ ಮಗಳು ಬಸುರಿಯಾದಾಗಲೂ ತಂಗಿ ಪುಸ್ತಕ ಆರಿಸಲು ನನ್ನನ್ನೇ ಕಳಿಸಿದಳು. ಆ ಸಲ ಒಂದು ಸಾಲೂ ಬಿಡದೆ ಓದಿ ತಂದೆ, ಆದರೆ ಹಳೆಯದನ್ನು ಹೇಳಲು ಬಾಯಿ ಬರಲಿಲ್ಲ. ಅವಳ ಕಣ್ಣು ಇನ್ನೂ ಚುರುಕಾಗಿದೆ, ಇದನ್ನು ಓದುತ್ತಾಳೆ. ಆ ದಿನ ಸಂತೆಯಲ್ಲಿ ಎರಡರಲ್ಲಿ ಒಂದನ್ನೂ ನಾನು ಬಿಡಿಸಿ ನೋಡಿರಲಿಲ್ಲ, ತಂಗಿ.